ಜೆಲ್ ಪಾಲಿಶ್‌ಗೆ ದುಪ್ಪಟ್ಟು ದುಡ್ಡು: ಎಲ್ಲಿ ಕೊಡಬಹುದು, ಎಲ್ಲಿ ಬೇಡ

ನನ್ನ ಕೆಲಸ ಕನ್ನಡಕದ ಅಂಗಡಿಯಲ್ಲಿ. ಗಿರಾಕಿಯ ಮೂಗಿನ ಮೇಲೆ ಫ್ರೇಮ್ ಕೂರಿಸಿ, ಕಿವಿಯ ಹಿಂದೆ ಸರಿ ಮಾಡಿ, ಕನ್ನಡಿ ಹಿಡಿಯಬೇಕು. ಅಷ್ಟು ಹೊತ್ತೂ ನನ್ನ ಬೆರಳುಗಳು ಅವರ ಕಣ್ಣೆದುರೇ ಇರುತ್ತವೆ. ಬಣ್ಣ ಅರ್ಧಂಬರ್ಧ ಕಿತ್ತುಹೋದ ಉಗುರು ಅಲ್ಲಿ ತೀರಾ ಕೆಟ್ಟದಾಗಿ ಕಾಣುತ್ತದೆ. ಮಾಮೂಲಿ ನೇಲ್ ಪಾಲಿಶ್ ನನ್ನ ಕೈಯಲ್ಲಿ ನಿಲ್ಲುವುದೇ ಇಲ್ಲ. ದಿನವಿಡೀ ಲೆನ್ಸ್ ಒರೆಸಬೇಕು, ಸಾಸಿವೆ ಕಾಳಿನಷ್ಟು ಸ್ಕ್ರೂಗಳನ್ನು ಬಿಗಿ ಮಾಡಬೇಕು. ಸಂಜೆಯೊಳಗೆ ತುದಿಯ ಬಣ್ಣ ಮಾಯ. ಹಾಗಾಗಿ ಜೆಲ್ ಪಾಲಿಶ್, ಅಂದರೆ ದೀಪದ ಬೆಳಕಿನಲ್ಲಿ ಗಟ್ಟಿ ಮಾಡುವ ಉಗುರಿನ ಬಣ್ಣ, ನನಗೆ ಶೋಕಿ ಅಲ್ಲ, ಬಟ್ಟೆ ಇಸ್ತ್ರಿ ಮಾಡಿಸುವ ಹಾಗೆ ಕೆಲಸದ ಖರ್ಚು.

ಇಷ್ಟು ದಿನ ಒಂದು ಸಸ್ತಾ ಸಲೂನ್‌ಗೆ ಹೋಗುತ್ತಿದ್ದೆ. ಈಗ ಹೋಗಿ ಬಂದಿರುವುದು ಅದಕ್ಕಿಂತ ದುಬಾರಿ ಜಾಗಕ್ಕೆ. ಬಿಲ್ ಹತ್ತಿರ ಹತ್ತಿರ ಎರಡರಷ್ಟು. ಕೊಟ್ಟ ದುಡ್ಡಿಗೆ ಬೆಲೆ ಬಂತಾ ಅಂತ ಕೇಳಿದರೆ, ಬಂತು. ಆದರೆ ಅವರ ರೇಟ್ ಕಾರ್ಡ್‌ನ ಮೇಲಿನ ನಾಲ್ಕು ಸಾಲು, ಹಳೇ ಜೆಲ್ ತೆಗೆಸುವುದು ಬಿಟ್ಟು ಕೆಳಗಿನ ಯಾವುದನ್ನೂ ಮುಟ್ಟದೇ ಇದ್ದರೆ ಮಾತ್ರ.

ಸೋಫಾ, ಗೋಡೆಯ ಬಣ್ಣ, ಹಾಡು, ಇವುಗಳ ಬಗ್ಗೆ ಹೇಳುವುದಕ್ಕೇನೂ ಇಲ್ಲ. ಎಲ್ಲ ಚೆನ್ನಾಗಿತ್ತು, ಅಷ್ಟೇ. ಗಮನಿಸಿದ್ದು ಗಾಳಿಯನ್ನು. ಒಳಗೆ ಹೋದ ಕೂಡಲೇ ಮೂಗಿಗೆ ರಾಚುವ ವಾಸನೆ ಇರಲಿಲ್ಲ. ಪ್ರತಿ ಮೇಜಿನ ಮೇಲೂ ಉಗುರು ಉಜ್ಜುವಾಗ ಏಳುವ ಧೂಳು ಎಳೆದುಕೊಳ್ಳುವ ಚಿಕ್ಕ ಫ್ಯಾನ್ ಇತ್ತು, ಅದು ನಿಜವಾಗಿ ಓಡುತ್ತಲೂ ಇತ್ತು. ಹಳೇ ಜಾಗದಲ್ಲೂ ಫ್ಯಾನ್ ಇತ್ತು, ಅದರ ಮೇಲೆ ಬಣ್ಣದ ಬಾಟಲಿ ಜೋಡಿಸಿಟ್ಟಿದ್ದರು. ದಿನಕ್ಕೆ ಎಂಟೊಂಬತ್ತು ಗಂಟೆ ಆ ಧೂಳು ಕುಡಿಯುವುದು ನಾವಲ್ಲ, ಅಲ್ಲಿ ಕೆಲಸ ಮಾಡುವ ಹುಡುಗಿಯರು. ಮಾಲೀಕರು ಅವರನ್ನು ಹೇಗೆ ನೋಡಿಕೊಳ್ಳುತ್ತಾರೆ ಅನ್ನುವುದು ಆ ಫ್ಯಾನ್ ನೋಡಿದರೇ ಗೊತ್ತಾಗುತ್ತದೆ.

ಈಗ ಮುಖ್ಯ ವಿಷಯ. ಉಗುರಿನ ಸಲೂನ್ ಒಳ್ಳೆಯದೋ ಅಲ್ಲವೋ ಅನ್ನುವುದು ಹಚ್ಚುವಾಗ ಗೊತ್ತಾಗಲ್ಲ, ತೆಗೆಯುವಾಗ ಗೊತ್ತಾಗುತ್ತದೆ. ಹಚ್ಚಿದ ದಿನ ಎಲ್ಲರ ಕೆಲಸವೂ ಹೊಳೆಯುತ್ತದೆ. ಫೋಟೊ ಹಿಡಿದರೆ ಸಸ್ತಾ ಯಾವುದು, ದುಬಾರಿ ಯಾವುದು ಅಂತ ಹೇಳುವುದು ಕಷ್ಟ.

ನನ್ನ ಬೆರಳುಗಳ ಮೇಲೆ ಹಳೇ ಜೆಲ್ ಇನ್ನೂ ಇತ್ತು. ಇಲ್ಲಿಯ ಹುಡುಗಿ ಮೊದಲು ಉಗುರು ಉಜ್ಜುವ ಒಂದು ಫೈಲ್ ತಗೊಂಡು ಮೇಲಿನ ಹೊಳಪನ್ನಷ್ಟೇ ಕೆರೆದಳು. ಟಾಪ್ ಕೋಟ್, ಅಂದರೆ ಎಲ್ಲಕ್ಕಿಂತ ಮೇಲಿನ ಪದರ, ಗಟ್ಟಿ ಇರುತ್ತದೆ, ಅದನ್ನು ಮಂಕು ಮಾಡದಿದ್ದರೆ ಜೆಲ್ ಸಡಿಲ ಮಾಡುವ ಅಸಿಟೋನ್ ದ್ರವ ಒಳಗೆ ಇಳಿಯುವುದಿಲ್ಲ. ಆಮೇಲೆ ಉಗುರಿನ ಸುತ್ತ ಚರ್ಮಕ್ಕೆ ತೆಳುವಾಗಿ ಎಣ್ಣೆ ಸವರಿದಳು. ಉಗುರಿನ ಅಳತೆಗೆ ಹರಿದ ಹತ್ತಿಯನ್ನು ಅಸಿಟೋನ್‌ನಲ್ಲಿ ಅದ್ದಿ, ಇಟ್ಟು, ಫಾಯಿಲ್ ಸುತ್ತಿದಳು. ಹತ್ತು ಹದಿನೈದು ನಿಮಿಷ ಸುಮ್ನೆ ಕೂತಿರಬೇಕು. ಬಿಚ್ಚಿದಾಗ ಕೆಲವು ಬೆರಳಲ್ಲಿ ಜೆಲ್ ತಾನಾಗಿ ಸುಕ್ಕುಗಟ್ಟಿ ಮೇಲೆದ್ದಿತ್ತು. ಮರದ ಕಡ್ಡಿಯಿಂದ ಮೆಲ್ಲಗೆ ತಳ್ಳಿದರೆ ಸಾಕು, ಬಂತು. ಎರಡು ಬೆರಳಲ್ಲಿ ಮಾತ್ರ ಇನ್ನೂ ಅಂಟಿಕೊಂಡಿತ್ತು. ಅವಳು ಕೆರೆಯಲಿಲ್ಲ. "ಇವೆರಡು ಇನ್ನೊಂದ್ ಐದ್ ನಿಮಿಷ ಇರ್ಲಿ ಮೇಡಂ" ಅಂತ ಮತ್ತೆ ಹತ್ತಿ ಇಟ್ಟು ಸುತ್ತಿದಳು.

ಆ ಐದು ನಿಮಿಷಕ್ಕೇ ನಾನು ಜಾಸ್ತಿ ದುಡ್ಡು ಕೊಟ್ಟಿದ್ದು. ಹಳೇ ಜಾಗದಲ್ಲಿ ಫಾಯಿಲ್ ಬಿಚ್ಚುವುದಕ್ಕೆ ಅವಸರ. ಬರದಿದ್ದರೆ ಲೋಹದ ಪುಷರ್ (ಚಪ್ಪಟೆ ತುದಿಯ ಕಡ್ಡಿ) ಒಳಗೆ ತೂರಿಸಿ ಎಬ್ಬಿಸುವುದು. ಟಪ್ ಅಂತ ಒಂದೇ ತುಂಡು ಬಂದುಬಿಡುತ್ತಿತ್ತು, ನೋಡುವುದಕ್ಕೆ ಮಜಾ ಅನ್ನಿಸುತ್ತಿತ್ತು ಕೂಡ. ಆದರೆ ಜೆಲ್ ಜೊತೆಗೆ ಉಗುರಿನ ಮೇಲ್ಪದರವೂ ಹೋಗುತ್ತದೆ. ಆ ಬಿಳಿ ಮಚ್ಚೆಗಳು, ಕಾಗದದಂತಾದ ತುದಿ, ಬಿಸಿ ನೀರು ತಾಗಿದರೆ ಚುರ್ ಅನ್ನುವುದು, ಎಲ್ಲ ಅದರದ್ದೇ ಫಲ. ಉಗುರು ಅಂದರೆ ಕೆರಾಟಿನ್ ಅನ್ನುವ ಪ್ರೋಟೀನಿನ ಸತ್ತ ಪದರ. ಚರ್ಮದ ಗಾಯದ ಹಾಗೆ ಅದು ಮಾಗಲ್ಲ, ಬೆಳೆದು ಮುಂದೆ ಹೋಗಿ ಕತ್ತರಿಸಿ ಬಿಸಾಕಬೇಕು. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಬುಡದಿಂದ ತುದಿಯವರೆಗೆ ಪೂರ್ತಿ ಹೊಸದಾಗಲು 4ರಿಂದ 6 ತಿಂಗಳು. ಉಳಿಸಿದ ಐದು ನಿಮಿಷದ ಬೆಲೆ ಅದು. ಅದು ಯಾವ ಬಿಲ್ಲಿನಲ್ಲೂ ಬರುವುದಿಲ್ಲ.

ಇಷ್ಟು ಮಾಡಿಯೂ ಇಲ್ಲಿ ಒಂದು ಕಿರಿಕಿರಿ. ಹಳೇ ಜೆಲ್ ತೆಗೆಯುವುದಕ್ಕೆ ಬೇರೆ ಚಾರ್ಜ್, ಅದು ಕಾರ್ಡ್‌ನಲ್ಲಿ ಕೊನೇ ಸಾಲಿನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿದೆ. ಬುಕ್ ಮಾಡುವಾಗ ಯಾರೂ ಹೇಳಲ್ಲ. ಕೆಲಸಕ್ಕೆ ದುಡ್ಡು ಕೇಳುವುದು ತಪ್ಪಲ್ಲ, ಮೊದಲೇ ಹೇಳಿ ಅಂತಷ್ಟೇ. ನೀವು ಹೋಗುವುದಾದರೆ ಫೋನಿನಲ್ಲೇ "ರಿಮೂವಲ್ ಸೇರಿ ಎಷ್ಟು?" ಅಂತ ಕೇಳಿಬಿಡಿ.

ಸಲಕರಣೆಗಳ ವಿಷಯಕ್ಕೆ ಬರೋಣ. ಪುಷರ್, ಚರ್ಮ ಕತ್ತರಿಸುವ ನಿಪ್ಪರ್ ಎರಡೂ ಸೀಲ್ ಮಾಡಿದ ಪೊಟ್ಟಣದಲ್ಲಿದ್ದವು, ನನ್ನ ಎದುರೇ ಹರಿದಳು. ಪೊಟ್ಟಣದ ಅಂಚಿನಲ್ಲಿ ಬಣ್ಣ ಬದಲಾಗುವ ಒಂದು ಗುರುತು ಇರುತ್ತದೆ, ಬದಲಾಗಿತ್ತು. ಅಂದರೆ ಅದು ಆಟೋಕ್ಲೇವ್‌ನಲ್ಲಿ ಬಿಸಿಗೆ ಒಡ್ಡಿಕೊಂಡು ಬಂದಿದೆ. 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ, ಒತ್ತಡದ ಜೊತೆ, 15 ನಿಮಿಷವಾದರೂ ಬೇಯಿಸಿದರೆ ರೋಗಾಣುಗಳು ಸಾಯುತ್ತವೆ. ಬಹಳ ಕಡೆ ನೀಲಿ ಬೆಳಕಿನ ಗಾಜಿನ ಪೆಟ್ಟಿಗೆ ಇಟ್ಟು "ಸ್ಟೆರಿಲೈಸರ್" ಅಂತ ತೋರಿಸುತ್ತಾರೆ. ನೋಡೋಕೆ ಏನೋ ವಿಜ್ಞಾನ ಅನ್ನಿಸುತ್ತದೆ. ಬೆಳಕು ಬಿದ್ದ ಮೇಲ್ಭಾಗಕ್ಕೆ ಏನಾದರೂ ಆದೀತು, ನಿಪ್ಪರ್‌ನ ಸಂದಿಗೆ ಆ ಬೆಳಕು ಹೋಗುವುದೇ ಇಲ್ಲ. ತೊಳೆದ ಸಾಮಾನನ್ನು ಇಟ್ಟುಕೊಳ್ಳುವುದಕ್ಕೆ ಸರಿ, ಸ್ಟೆರಿಲೈಸ್ ಮಾಡುವುದಕ್ಕೆ ಅಲ್ಲ.

ಫೈಲ್ ಹೊಸದು. ಕೆಲಸ ಮುಗಿದ ಮೇಲೆ "ತಗೊಂಡ್ ಹೋಗ್ತೀರಾ ಮೇಡಂ, ಇಲ್ಲಾಂದ್ರೆ ಬಿಸಾಕ್ತೀನಿ" ಅಂದಳು. ಆದರೆ ಉಗುರು ನಯ ಮಾಡುವ ಬಫರ್? ಡ್ರಾಯರ್‌ನಿಂದ ತೆಗೆದದ್ದರ ಒಂದು ಮಗ್ಗುಲು ಬೆಳ್ಳಗೆ ಸವೆದಿತ್ತು. ಸ್ಪಂಜಿನಂಥ ವಸ್ತು ಅದು, ಬೇಯಿಸಿ ಶುದ್ಧ ಮಾಡುವುದಕ್ಕೆ ಆಗಲ್ಲ. ಬೇರೆ ಕೊಡಿ ಅಂದೆ. ಕೊಟ್ಟಳು, ಮುಖ ಸ್ವಲ್ಪ ಸಣ್ಣ ಮಾಡಿಕೊಂಡೇ. ಅವಳ ತಪ್ಪಲ್ಲ ಅನ್ನಿಸುತ್ತದೆ, ದಿನಕ್ಕೆ ಇಷ್ಟೇ ಬಫರ್ ಅಂತ ಮೇಲಿನವರು ಲೆಕ್ಕ ಕೊಟ್ಟಿರಬೇಕು. ಇಷ್ಟು ರೇಟ್ ತಗೊಂಡು ಬಫರ್‌ನಲ್ಲಿ ಜುಗ್ಗತನ ಯಾಕೋ!

ಹಚ್ಚುವ ಕೆಲಸ ನಿಧಾನ, ಒಳ್ಳೆಯ ಅರ್ಥದಲ್ಲಿ. ಉಗುರಿನ ಮೇಲೆ ಅಂಟಿಕೊಂಡ ತೆಳು ಸತ್ತ ಚರ್ಮವನ್ನು ಮಾತ್ರ ತೆಗೆದಳು. ಅದರ ಹಿಂದಿನ ಜೀವಂತ ಮಡಿಕೆಗೆ ನಿಪ್ಪರ್ ಹಾಕಲಿಲ್ಲ. ಆ ಮಡಿಕೆಯೇ ಉಗುರಿನ ಬುಡಕ್ಕೆ ಬಾಗಿಲು. ಅದನ್ನು ಕತ್ತರಿಸಿದರೆ ಎರಡು ದಿನ ನೀಟಾಗಿ ಕಾಣುತ್ತದೆ, ಆಮೇಲೆ ಸೋಂಕಿಗೆ ದಾರಿ. ಹಳೇ ಸಲೂನ್‌ನಲ್ಲಿ ರಕ್ತ ಬಂದದ್ದೂ ಉಂಟು, "ಏನಾಗಲ್ಲ" ಅಂತ ಹತ್ತಿ ಒತ್ತಿ ಅದರ ಮೇಲೇ ಬಣ್ಣ ಹಚ್ಚಿದ್ದರು.

ಆಮೇಲೆ ಜಿಡ್ಡು ತೆಗೆಯುವ ದ್ರವ, ಬೇಸ್ ಕೋಟ್, ಬಣ್ಣ ಎರಡು ಸಲ, ಟಾಪ್ ಕೋಟ್. ಪ್ರತಿಯೊಂದು ಪದರವೂ ತೆಳು. ದಪ್ಪ ಹಚ್ಚಿದರೆ ಒಂದೇ ಸಲಕ್ಕೆ ಮುಗಿಯುತ್ತದೆ, ಆದರೆ ದೀಪದ ಬೆಳಕು ಒಳಗಿನವರೆಗೆ ಇಳಿಯದೆ ಮೇಲೆ ಗಟ್ಟಿ, ಒಳಗೆ ಹಸಿ ಉಳಿಯುತ್ತದೆ. ನಾನು ಹತ್ತಿರದಿಂದ ನೋಡಿದ್ದು ಎರಡು ವಿಷಯ. ಒಂದು, ನಾಲ್ಕು ಬೆರಳು ಮೊದಲು ದೀಪದೊಳಗೆ ಇಡಿಸಿ, ಹೆಬ್ಬೆರಳನ್ನು ಆಮೇಲೆ ಬೇರೆಯಾಗಿ ಇಡಿಸಿದಳು. ಕೈ ಚಪ್ಪಟೆ ಇಟ್ಟರೆ ಹೆಬ್ಬೆರಳು ಪಕ್ಕಕ್ಕೆ ವಾಲಿರುತ್ತದೆ, ಬೆಳಕು ಒಂದೇ ಕಡೆ ಬೀಳುತ್ತದೆ. ಹಳೇ ಜಾಗದಲ್ಲಿ ಐದನ್ನೂ ಒಟ್ಟಿಗೆ ತುರುಕಿಸುತ್ತಿದ್ದರು, ನನ್ನ ಹೆಬ್ಬೆರಳಿನ ಬಣ್ಣವೇ ಯಾವಾಗಲೂ ಮೊದಲು ಕಿತ್ತು ಬರುತ್ತಿತ್ತು. ಇನ್ನೊಂದು, ಉಂಗುರದ ಬೆರಳಲ್ಲಿ ಬಣ್ಣ ಒಂದು ಕೂದಲೆಳೆಯಷ್ಟು ಚರ್ಮಕ್ಕೆ ತಾಗಿತು. ದೀಪಕ್ಕೆ ಇಡುವ ಮೊದಲೇ ಅದನ್ನು ಕಡ್ಡಿಯ ಚೂಪು ತುದಿಯಿಂದ ತೆಗೆದಳು.

ಇದೇನು ದೊಡ್ಡ ವಿಷಯ ಅನ್ನಬೇಡಿ. ಗಟ್ಟಿಯಾಗದ ಜೆಲ್ ಮತ್ತೆ ಮತ್ತೆ ಚರ್ಮಕ್ಕೆ ತಾಗಿದರೆ ಅಲರ್ಜಿ ಶುರುವಾಗಬಹುದು. ಜೆಲ್‌ನಲ್ಲಿರುವ ಅಕ್ರಿಲೇಟ್ ಜಾತಿಯ ರಾಸಾಯನಿಕಗಳೇ ಅದಕ್ಕೆ ಕಾರಣ, ಅದರಲ್ಲೂ ಹೆಚ್‌ಇಎಂಎ ಅನ್ನುವುದು. ಬೆರಳ ತುದಿ ಕೆಂಪಾಗಿ ತುರಿಸುತ್ತದೆ, ಸಿಪ್ಪೆ ಏಳುತ್ತದೆ, ಕೆಲವರಿಗೆ ಉಗುರೇ ತಳದಿಂದ ಬಿಟ್ಟುಕೊಳ್ಳುತ್ತದೆ. ಒಮ್ಮೆ ಶುರುವಾದರೆ ಸಾಮಾನ್ಯವಾಗಿ ಜೀವನಪೂರ್ತಿ. ಹಲ್ಲಿನ ಕುಳಿ ತುಂಬುವುದಕ್ಕೂ ಇದೇ ಜಾತಿಯ ವಸ್ತು ಬಳಸುತ್ತಾರೆ, ಹಾಗಾಗಿ ತೊಂದರೆ ಉಗುರಿಗೇ ನಿಲ್ಲುವುದಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ ಹೆಚ್‌ಇಎಂಎ ಇರುವ ಉಗುರಿನ ಉತ್ಪನ್ನಗಳ ಮೇಲೆ ವೃತ್ತಿಪರರ ಬಳಕೆಗೆ ಮಾತ್ರ ಅಂತ ಬರೆಯಬೇಕು. ಜೆಲ್ ಗಟ್ಟಿಯಾಗಲು ಸೇರಿಸುತ್ತಿದ್ದ ಟಿಪಿಒ ಅನ್ನುವ ಪದಾರ್ಥವನ್ನು ಅಲ್ಲಿ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದ್ದಾರೆ. ಇಲ್ಲಿ ಬಾಟಲಿ ತೋರಿಸಿ ಅಂದಾಗ ತಿರುಗಿಸಿ ಹಿಂದಿನ ಪಟ್ಟಿ ತೋರಿಸಿದಳು, ಟಿಪಿಒ ಇರಲಿಲ್ಲ. ತೋರಿಸುವುದಕ್ಕೆ ಹಿಂದೆ ಮುಂದೆ ನೋಡುವ ಜಾಗವಾದರೆ ಎದ್ದು ಬನ್ನಿ.

ಮನೆಯಲ್ಲೇ ಮಾಡಿಕೊಳ್ಳೋಣ ಅಂತ ಕಿಟ್ ತರಿಸುವವರಿಗೂ ಇದೇ ಮಾತು. ಒಂದು ಕಂಪನಿಯ ಜೆಲ್, ಇನ್ನೊಂದು ಕಂಪನಿಯ ದೀಪ ಆದರೆ ಮುಟ್ಟಿದಾಗ ಗಟ್ಟಿ ಅನ್ನಿಸಿದರೂ ಒಳಗೆ ಪೂರ್ತಿ ಆಗಿರದೇ ಇರಬಹುದು. ಕಿಟ್ ಸಸ್ತಾ ನಿಜ, ಆದರೆ ಎಡಗೈಯಲ್ಲಿ ಬಲಗೈಗೆ ಹಚ್ಚುವಾಗ ಚರ್ಮಕ್ಕೆ ತಾಗದ ಹಾಗೆ ಹಚ್ಚುವುದು ಎಷ್ಟು ಜನರಿಂದ ಆಗುತ್ತದೆ, ನೀವೇ ಹೇಳಿ.

ದೀಪದಲ್ಲಿ ಎರಡನೇ ಪದರಕ್ಕೆ ಬೆರಳು ಚುರುಗುಟ್ಟಿತು. ಜೆಲ್ ಗಟ್ಟಿಯಾಗುವಾಗ ಬಿಸಿ ಹೊರಬರುತ್ತದೆ, ಉಗುರು ತೆಳುವಾಗಿದ್ದರೆ ಜಾಸ್ತಿ ಗೊತ್ತಾಗುತ್ತದೆ. ನನ್ನದು ಹಳೇ ಸಲೂನ್‌ನ ಕೃಪೆಯಿಂದ ತೆಳುವಾಗೇ ಇತ್ತು. "ಸುಡ್ತಿದ್ರೆ ತಡ್ಕೋಬೇಡಿ, ಕೈ ತೆಗೀರಿ" ಅಂತ ಅವಳೇ ಹೇಳಿದಳು. ಎಲ್‌ಇಡಿ ಅಂತ ಹೆಸರಿದ್ದರೂ ಈ ದೀಪಗಳಿಂದ ಬರುವುದು ಬಹುಪಾಲು ಯುವಿ-ಎ ಕಿರಣ. ಆಗಾಗ ಮಾಡಿಸುವವರು ಕೈಗೆ ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ, ಇಲ್ಲಾ ಬೆರಳ ತುದಿ ಕತ್ತರಿಸಿದ ಗ್ಲೌಸ್ ಹಾಕಿಕೊಳ್ಳಿ ಅಂತ ಚರ್ಮವೈದ್ಯರು ಹೇಳುತ್ತಾರೆ. ಇಲ್ಲಿ ಗ್ಲೌಸ್ ಇಟ್ಟಿದ್ದಾರೆ, ಕೇಳಿದರೆ ಮಾತ್ರ ಕೊಡುತ್ತಾರೆ.

ರೇಟ್ ಕಾರ್ಡ್‌ನ ಕೆಳಭಾಗಕ್ಕೆ ಹೋಗೋಣ, ದುಡ್ಡು ಸೋರುವುದು ಅಲ್ಲಿ. ಡಿಸೈನ್‌ಗೆ ಬೆರಳಿಗೆ ಇಷ್ಟು ಅಂತ ಲೆಕ್ಕ. ಚಿಕ್ಕ ಹೂವಿಗೂ ಅಷ್ಟೇ, ಗೆರೆಗೂ ಅಷ್ಟೇ. ಹತ್ತೂ ಬೆರಳಿಗೆ ಮಾಡಿಸಿದರೆ ಮೂಲ ಬಿಲ್ಲಿಗಿಂತ ಡಿಸೈನ್ ಜಾಸ್ತಿಯಾಗುತ್ತದೆ. ಚೆನ್ನಾಗಿರಲ್ಲ ಅಂತಲ್ಲ. ಪಕ್ಕದ ಮೇಜಿನಲ್ಲಿ ಒಬ್ಬರಿಗೆ ಕ್ರೋಮ್ ಪುಡಿ ಉಜ್ಜುತ್ತಿದ್ದರು, ಮಂಕಾಗಿದ್ದ ಉಗುರು ಕಣ್ಣೆದುರೇ ಕನ್ನಡಿಯಾಯಿತು, ನನಗೂ ಆಸೆಯಾಯಿತು. ಆದರೆ ಮದುವೆ ಮುಂಜಿ ಇಲ್ಲದ ವಾರದಲ್ಲಿ ಅದಕ್ಕೆ ಖರ್ಚು ಮಾಡುವುದು ನನ್ನ ಲೆಕ್ಕಕ್ಕೆ ಕೂರಲ್ಲ. ಕಲ್ಲು ಅಂಟಿಸಿಕೊಂಡರಂತೂ ನನ್ನ ಕೆಲಸ ಮುಗೀತು, ಗಿರಾಕಿಯ ಹೊಸ ಲೆನ್ಸ್ ಮೇಲೆ ಗೀರು ಬೀಳುತ್ತದೆ.

ಎಕ್ಸ್‌ಟೆನ್ಶನ್, ಅಂದರೆ ಉಗುರಿಗೆ ಕೃತಕ ಉದ್ದ ಕೂಡಿಸುವುದು, ಇನ್ನೊಂದು. ಮೊದಲ ದಿನದ ಬಿಲ್ ನೋಡಿ ಪರವಾಗಿಲ್ಲ ಅನ್ನಿಸಬಹುದು. ಬುಡದಲ್ಲಿ ಉಗುರು ಬೆಳೆದ ಹಾಗೆ ಎರಡು ಮೂರು ವಾರಕ್ಕೊಮ್ಮೆ ಆ ಜಾಗ ತುಂಬಿಸುವ ಫಿಲ್ಲಿಂಗ್‌ಗೆ ಹೋಗಲೇಬೇಕು, ಕೊನೆಗೆ ತೆಗೆಸುವುದಕ್ಕೂ ಕೊಡಬೇಕು. ಅದನ್ನು ಬಾಡಿಗೆ ಮನೆ ಅಂತ ತಿಳಿದೇ ಹೋಗಬೇಕು. ಎಲ್ಲಾದರೂ ನಂಬಲಾಗದಷ್ಟು ಸಸ್ತಾ ಆಕ್ರಿಲಿಕ್ (ದ್ರವ, ಪುಡಿ ಬೆರೆಸಿ ಕಟ್ಟುವ ಕೃತಕ ಉಗುರು) ಸಿಕ್ಕರೆ ಒಂದು ಅನುಮಾನ ಇಟ್ಟುಕೊಳ್ಳಿ. ಎಂಎಂಎ ಅನ್ನುವ ದ್ರವ ಬಳಸಿದರೆ ಖರ್ಚು ಕಡಿಮೆ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1970ರ ದಶಕದಲ್ಲೇ ಶೇ. 100ರಷ್ಟು ಎಂಎಂಎ ಇರುವ ಉಗುರಿನ ದ್ರವಗಳ ಮೇಲೆ ಕ್ರಮ ತೆಗೆದುಕೊಂಡು ಮಾರುಕಟ್ಟೆಯಿಂದ ತೆಗೆಸಿತ್ತು. ಘಾಟು ವಾಸನೆ, ಫೈಲ್‌ಗೆ ಬಗ್ಗದ ಗಡಸು, ಅಸಿಟೋನ್‌ನಲ್ಲಿ ಎಷ್ಟು ಹೊತ್ತು ಇಟ್ಟರೂ ಕರಗದಿರುವುದು, ಇವೆಲ್ಲ ಅದರ ಲಕ್ಷಣ. ಎಲ್ಲಾದರೂ ಬಲವಾಗಿ ಬಡಿದರೆ ಅದು ಒಡೆಯಲ್ಲ, ಕೆಳಗಿನ ನಿಮ್ಮ ಉಗುರೇ ಕಿತ್ತು ಬರುತ್ತದೆ.

ಕಾಲಿಗೆ "ಸ್ಪಾ ಪೆಡಿಕ್ಯೂರ್" ಸೇರಿಸಿಕೊಳ್ಳಿ, ಪ್ಯಾಕೇಜ್‌ನಲ್ಲಿ ಕಡಿಮೆಯಾಗುತ್ತದೆ ಅಂತ ರಿಸೆಪ್ಶನ್‌ನವರು ಬಹಳ ಒತ್ತಾಯ ಮಾಡಿದರು. ನಾನು ಬೇಡ ಅಂದೆ. ಅವರ ಟಬ್ ನೀರು ಸುತ್ತಿಸುವಂಥದ್ದು, ಒಳಗೆ ಪೈಪು, ಜಾಲರಿ ಎಲ್ಲ ಇದೆ. 2000ದಲ್ಲಿ ಕ್ಯಾಲಿಫೋರ್ನಿಯಾದ ಒಂದು ಸಲೂನ್‌ನಲ್ಲಿ ಇಂಥದ್ದೇ ಟಬ್‌ಗಳಿಂದ 100ಕ್ಕೂ ಹೆಚ್ಚು ಗಿರಾಕಿಗಳ ಕಾಲಿಗೆ ತಿಂಗಳುಗಟ್ಟಲೆ ವಾಸಿಯಾಗದ ಕುರುಗಳೆದ್ದಿದ್ದವು. ನೀರೆಳೆಯುವ ಜಾಲರಿಯ ಹಿಂದೆ ಕೂದಲು, ಚರ್ಮದ ಚೂರು ಸೇರಿಕೊಂಡು ಮೈಕೋಬ್ಯಾಕ್ಟೀರಿಯಂ ಜಾತಿಯ ಬ್ಯಾಕ್ಟೀರಿಯಾ ಬೆಳೆದಿತ್ತು. ಹೋಗುವ ಮೊದಲು ಕಾಲಿನ ಕೂದಲು ಶೇವ್ ಮಾಡಿಕೊಂಡವರಿಗೆ ಅಪಾಯ ಇನ್ನೂ ಜಾಸ್ತಿ ಇತ್ತು. ಪೈಪಿಲ್ಲದ ಸಾದಾ ಬೇಸಿನ್ ಇದ್ದರೆ ಉಜ್ಜಿ ತೊಳೆಯಬಹುದು, ಅದಾದರೆ ನಾನೂ ಕೂರುತ್ತಿದ್ದೆ. ಕಾಲುಗುರಿಗೆ ಜೆಲ್ ಹಚ್ಚಿಸುವುದಂತೂ ದಂಡ. ಅದು ಬೆಳೆಯುವುದು ಕೈಯುಗುರಿನ ಅರ್ಧ ವೇಗದಲ್ಲಿ, ತಾಗುವುದೂ ಕಡಿಮೆ. ಮನೆಯಲ್ಲಿ ಹಚ್ಚಿದ ಮಾಮೂಲಿ ಪಾಲಿಶೇ ವಾರಗಟ್ಟಲೆ ಇರುತ್ತದೆ.

ಕೊನೆಗೆ ಉಗುರಿನ ಬುಡದ ಚರ್ಮಕ್ಕೆ ಹಚ್ಚುವ ಕ್ಯುಟಿಕಲ್ ಆಯಿಲ್ ಅಂತ ಬೆರಳುದ್ದದ ಒಂದು ಬಾಟಲಿ ಮುಂದೆ ಇಟ್ಟರು. ಎಣ್ಣೆ ಹಚ್ಚುವುದು ಒಳ್ಳೆಯದೇ, ಉಗುರು ಒಣಗಿ ಸೀಳುವುದು ಕಡಿಮೆಯಾಗುತ್ತದೆ. ಮನೆಯಲ್ಲಿರುವ ಎಣ್ಣೆಯನ್ನೇ ರಾತ್ರಿ ಮಲಗುವಾಗ ಸವರಿಕೊಂಡರೆ ಆಯಿತಲ್ಲ.

ಈಗ ಬಾಳಿಕೆ. ಹಳೇ ಜಾಗದ ಜೆಲ್ ವಾರ ದಾಟುವುದರೊಳಗೆ ಅಂಚಿನಲ್ಲಿ ಬಿಡುತ್ತಿತ್ತು. ಇದು ಮೂರನೇ ವಾರಕ್ಕೆ ಬಂದಿದೆ. ಬಲಗೈ ತೋರುಬೆರಳ ತುದಿಯಲ್ಲಿ ಒಂದು ಚಿಕ್ಕ ಚಕ್ಕೆ ಹೋಗಿದೆ, ಅದು ಸ್ಕ್ರೂಡ್ರೈವರ್ ತಾಗಿದ್ದಕ್ಕೆ. ಬುಡದಲ್ಲಿ ಹೊಸ ಉಗುರಿನ ಗೆರೆ ಕಾಣುತ್ತಿದೆ, ಹತ್ತಿರದಿಂದ ನೋಡಿದರೆ ಮಾತ್ರ. ಬಿಲ್ಲನ್ನು ದಿನಗಳಿಗೆ ಭಾಗಿಸಿ ನೋಡಿ: ಎರಡರಷ್ಟು ಕೊಟ್ಟು ಎರಡೂವರೆ ಪಟ್ಟು ದಿನ ಸಿಕ್ಕರೆ ದುಬಾರಿ ಜಾಗವೇ ಸಸ್ತಾ ಆಯಿತು. ಹಾಳಾಗದ ಉಗುರು ಆಮೇಲೆ ಲಾಭ. ಚೆನ್ನಾಗಿದೆ ಅಂತ ಇನ್ನೂ ಎಳೆಯುವುದು ಮಾತ್ರ ಬೇಡ. ಎಲ್ಲಾದರೂ ಅಂಚು ಬಿಟ್ಟರೆ ಒಳಗೆ ನೀರು ಕೂತು ಉಗುರು ಹಸಿರುಗಟ್ಟುವುದುಂಟು, ಅದು ಬ್ಯಾಕ್ಟೀರಿಯಾದ ಬಣ್ಣ.

ನಮ್ಮ ಅಂಗಡಿಯ ಇನ್ನೊಬ್ಬಳು ನನ್ನ ಕೈ ನೋಡಿ ಅಲ್ಲಿಗೇ ಹೋದಳು. ಅದೇ ರೇಟ್, ಅದೇ ಬಾಟಲಿ, ಬೇರೆ ಟೆಕ್ನಿಷಿಯನ್. ಬಣ್ಣ ಚರ್ಮದ ಮೇಲೆಲ್ಲ ಹರಿದಿತ್ತು, ನಾಲ್ಕನೇ ದಿನಕ್ಕೆ ಎರಡು ಬೆರಳಲ್ಲಿ ಸಿಪ್ಪೆ ಎದ್ದಿತು. "ಅಕ್ಕಾ, ನೀನು ಹೇಳಿದ ಜಾಗ ಇದೇನಾ?" ಅಂತ ಕೇಳಿದಳು. ಫೋನ್ ಮಾಡಿದ ಮೇಲೆ ದುಡ್ಡು ತಗೊಳ್ಳದೆ ಸರಿ ಮಾಡಿಕೊಟ್ಟರು, ಆ ಮಟ್ಟಿಗೆ ಒಳ್ಳೆಯವರು. ಆದರೆ ದುಪ್ಪಟ್ಟು ದುಡ್ಡು ಕೊಟ್ಟವರಿಗೆ ಎರಡು ಸಲ ಬಂದು ಹೋಗುವ ಕೆಲಸ ಯಾಕೆ?

ಐದಕ್ಕೆ ಮೂರೂವರೆ ಕೊಡುತ್ತೇನೆ. ನನ್ನ ಕೈ ಮಾಡಿದ ಹುಡುಗಿಗಾದರೆ ಐದಕ್ಕೆ ಐದು. ನಾನು ಮತ್ತೆ ಹೋಗುವುದು ಅವಳ ಹತ್ತಿರವೇ, ಅವಳು ಬೇರೆ ಅಂಗಡಿಗೆ ಹೋದರೆ ನಾನೂ ಹಿಂದೆ ಹೋಗುತ್ತೇನೆ. ಇಂಥವರೇ ಬೇಕು ಅಂತ ಹೆಸರು ಹೇಳಿ ಬುಕ್ ಮಾಡುವುದಕ್ಕೆ ಇಲ್ಲಿ ಬಿಡುತ್ತಾರೆ, ಅದಕ್ಕೆ ಬೇರೆ ಚಾರ್ಜ್ ಇಲ್ಲ. ಶನಿವಾರ ಭಾನುವಾರ ಅವಳು ಸಿಗುವುದು ಕಷ್ಟ, ಸಿಕ್ಕರೂ ಮುಂದಿನವರು ಬಾಗಿಲಲ್ಲೇ ನಿಂತಿರುತ್ತಾರೆ. ವಾರದ ಮಧ್ಯೆ, ಬೆಳಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಹೋಗಿ.